ಮುರಕಲ್ಲಿನ ಹಳೇ ಹಟ್ಟಿ: ಕೆಡವುವ ಮೊದಲು ಕೆಲವು ಪ್ರಶ್ನೆ

ತೋಟದಮೂಲೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ನಮ್ಮ ಹಳೇ ಮನೆ. ಪಾಲಾದಾಗ ಮನೆ ಅಣ್ಣನಿಗೆ ಹೋಯಿತು, ಅಂಗಳದ ಆಚೆಯ ದನದ ಹಟ್ಟಿ ನನಗೆ ಬಂತು. ದನ ಬಿಟ್ಟು ತುಂಬಾ ವರ್ಷವಾಯಿತು. ಮನೆಯಲ್ಲಿ ಎಲ್ಲರ ಮಾತು ಒಂದೇ. ಕೆಡವಿ ಹಾಕು, ಕಬ್ಬಿಣದ ಕಂಬ ನೆಟ್ಟು ಶೀಟು ಹೊದಿಸು, ಅಡಿಕೆಗೆ ಜಾಗ ಮಾಡಿಕೋ. ಅಡಿಕೆಗೆ ಜಾಗ ನನಗೂ ಬೇಕು. ಆದರೆ ಕಟ್ಟಡದಲ್ಲಿ ಕೆಲವು ಸಂಗತಿ ಯಾಕೆ ಹಾಗಿವೆ ಎಂದು ಗೊತ್ತಾಗುತ್ತಿಲ್ಲ. ಗೊತ್ತಾಗದೆ ಕೆಡವಲು ಮನಸ್ಸಿಲ್ಲ.

ಉದ್ದ ಸುಮಾರು 40 ಅಡಿ, ಅಗಲ 18. ಗೋಡೆ ಪೂರ್ತಿ ಮುರಕಲ್ಲು (ಲ್ಯಾಟರೈಟ್), ಎರಡು ಅಡಿ ದಪ್ಪ, ಮಣ್ಣಿನಲ್ಲಿ ಕಟ್ಟಿದ್ದು, ಹೊರಗೆ ಗಾರೆ ಇಲ್ಲ. ದೊಡ್ಡ ಭಾಗ ದನಕ್ಕೆ. ಅದರ ನೆಲ ಅಂಗಳಕ್ಕಿಂತ ಒಂದೂವರೆ ಅಡಿ ತಗ್ಗು. ಮೇಲೆ ಬೈಹುಲ್ಲಿನ ಅಟ್ಟ. ಪೂರ್ವದ ತುದಿಯಲ್ಲಿ ಒಂದು ಕತ್ತಲೆ ಕೋಣೆ. ಅದರ ನೆಲ ಮಾತ್ರ ಎತ್ತರ, ಹಲಗೆ ಹಾಸಿದೆ. ಆ ಕೋಣೆಗೆ ಮರದ ಮುಚ್ಚಿಗೆ (ಒಳಚಾವಣಿ), ಮುಚ್ಚಿಗೆಯ ಮೇಲೆ ನಾಲ್ಕು ಬೆರಳು ದಪ್ಪ ಮಣ್ಣು. ಮಾಡಿಗೆ (ಸೂರಿಗೆ) ಹಂಚು.

ಈಗ ಪ್ರಶ್ನೆಗಳು. ಕತ್ತಲೆ ಕೋಣೆಯ ಬಾಗಿಲ ದಾರಂದದ (ಚೌಕಟ್ಟಿನ) ಎರಡು ಬದಿಯಲ್ಲೂ ಮೇಲಿಂದ ಕೆಳಗೆ ಒಂದು ಉದ್ದ ಗೀರು ತೋಡಿದ್ದಾರೆ. ಎಂತಕ್ಕೆ? ಪಶ್ಚಿಮದ ತ್ರಿಕೋನ ಗೋಡೆಯಲ್ಲಿ ಓರೆಯಾಗಿ ಒಂದು ಗೆರೆ ಕಾಣುತ್ತದೆ. ಗೆರೆಯ ಆಚೆ ಈಚೆ ಕಲ್ಲಿನ ಬಣ್ಣವೇ ಬೇರೆ. ಉತ್ತರದ ಗೋಡೆಯಲ್ಲಿ ಎರಡು ತೂತು, ಒಂದು ನೆಲದ ಮಟ್ಟದಲ್ಲಿ, ಇನ್ನೊಂದು ಎದೆಯೆತ್ತರದಲ್ಲಿ. ಮತ್ತೆ ದನದ ಭಾಗದ ಗೋಡೆ ಕೆಳಗಿನ ಎರಡು ಅಡಿ ಹುಡಿಹುಡಿ ಉದುರುತ್ತಿದೆ, ಬಿಳಿ ಬಿಳಿ ಎದ್ದಿದೆ. ಮೇಲಿನ ಕಲ್ಲು ಮಾತ್ರ ಗಟ್ಟಿಮುಟ್ಟು.

ಶೀಟುಮಾಡು

ಇದಕ್ಕೆಲ್ಲ ಸಂಶೋಧನೆ ಬೇಕಾ ಮಾರಾಯ್ರೆ? ನಮ್ಮದನ್ನು ಕೆಡವಿ ಶೀಟು ಹಾಕಿದೆವು, ಆರಾಮವಾಗಿದ್ದೇವೆ. ಹಂಚಿನ ಮಾಡು ಅಂದರೆ ಪ್ರತಿ ವರ್ಷ ಮಳೆಗಾಲದ ಮೊದಲು ಹತ್ತುವವರು ಬೇಕು. ಈಗ ಯಾರು ಹತ್ತುತ್ತಾರೆ? ಮೇಲಿಂದ ಮಂಗಗಳು. ಒಂದು ಗುಂಪು ಒಂದು ಸಲ ಓಡಿದರೆ ಹಂಚು ಪುಡಿ. ಫೋಟೋ ಹಾಕಿ ಲೈಕು ತೆಗೆದುಕೊಳ್ಳಲು ಹಳೇದು ಚಂದ. ಸೋರುವಾಗ ಪಾತ್ರೆ ಇಡುವವರು ನಾವು.

ಹಳೇಕಾಗದ

ಮಂಗನ ವಿಷಯ ಸತ್ಯ. ಆದರೆ ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡುವಾ.

ದಾರಂದದ ಗೀರು ಸುಲಭ. ಅದು ಕಣಜದ ಕೋಣೆ. ಆ ಗೀರಿನಲ್ಲಿ ಅಡ್ಡ ಹಲಗೆಗಳನ್ನು ಮೇಲಿಂದ ಒಂದೊಂದಾಗಿ ಇಳಿಸುತ್ತಿದ್ದರು. ಭತ್ತ ಏರಿದ ಹಾಗೆ ಹಲಗೆ ಏರುತ್ತದೆ. ತೆಗೆಯುವಾಗ ಮೇಲಿನ ಹಲಗೆಯಿಂದ ಶುರು. ಹಲಗೆಗಳು ಅಟ್ಟದಲ್ಲೋ ಸೌದೆ ರಾಶಿಯಲ್ಲೋ ಇರಬಹುದು, ನೋಡಿ. ಅಂಚಿನಲ್ಲಿ ಉಳಿಯಿಂದ ಒಂದು ಗೀಟು, ಎರಡು ಗೀಟು, ಮೂರು ಗೀಟು ಹಾಕಿದ್ದರೆ ಅದೇ. ಪ್ರತಿ ಹಲಗೆಗೂ ಅದರದ್ದೇ ಜಾಗ, ಅದಲು ಬದಲಾದರೆ ಕೂರುವುದಿಲ್ಲ.

ನಿಮ್ಮ ಮುಚ್ಚಿಗೆಯ ಮೇಲಿನ ಮಣ್ಣೂ ಕಣಜಕ್ಕಾಗಿಯೇ. ಮಾಡು ಹುಲ್ಲಿನದಾಗಿದ್ದ ಕಾಲದಲ್ಲಿ ದೊಡ್ಡ ಭಯ ಬೆಂಕಿ. ಉರಿಯುವ ಹುಲ್ಲು ಕೆಳಗೆ ಬಿದ್ದರೂ ಮಣ್ಣಿನ ಮೇಲೆ ಬೀಳಬೇಕು, ಭತ್ತದ ಮೇಲಲ್ಲ. ಬೇಸಗೆಯಲ್ಲಿ ತಂಪು ಸಿಗುತ್ತದೆ, ಅದು ಬೋನಸ್ಸು.

ಬಾಯಾರು ಹುಡುಗ

ಹಂಚಿನ ಹಿಂದೆ ಏನಾದರೂ ಬರೆದಿದೆಯಾ ನೋಡಿ. ನಮ್ಮ ಮನೆ ಹಂಚಿನಲ್ಲಿ ಬಾಸೆಲ್ ಮಿಷನ್, 1865 ಅಂತ ಉಂಟು. ನಿಮ್ಮದರಲ್ಲೂ ಹಾಗೇ ಇದ್ದರೆ ಕಟ್ಟಡಕ್ಕೆ 160 ವರ್ಷ!

ಹಳೇಕಾಗದ

ಹಾಗೆ ಲೆಕ್ಕ ಹಾಕಬೇಡಿ. 1865 ಕಾರ್ಖಾನೆ ಶುರುವಾದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ, ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಶುರು ಮಾಡಿದ್ದು. ಆ ಮೇಲೆ ಎಷ್ಟೋ ದಶಕ ಅದೇ ವರ್ಷವನ್ನು ಹಂಚಿನ ಮೇಲೆ ಒತ್ತಿದ್ದಾರೆ. ಮೊದಲ ಮಹಾಯುದ್ಧ ಬಂತು, ಬ್ರಿಟಿಷ್ ಸರ್ಕಾರ ಕಾರ್ಖಾನೆಗಳನ್ನು ಕಿತ್ತುಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ಹಂಚು ಇದ್ದರೆ ಅದನ್ನು ಸುಟ್ಟದ್ದು ಯುದ್ಧಕ್ಕೆ ಮೊದಲು ಎಂದು ಹೇಳಬಹುದು. ಅದಕ್ಕಿಂತ ಜಾಸ್ತಿ ಹೇಳಲು ಆಗುವುದಿಲ್ಲ. ಹಂಚು ಒಂದು ಮಾಡಿನಿಂದ ಇನ್ನೊಂದು ಮಾಡಿಗೆ ಹೋಗುವುದೂ ಮಾಮೂಲು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೆ ಮೊದಲು ಹಂಚು ಈ ಕಡೆ ಬರಬೇಕಾದರೆ ದೋಣಿ, ಆಮೇಲೆ ಎತ್ತಿನ ಗಾಡಿ. ಪೆರ್ಲದಂಥ ಒಳನಾಡಿನಲ್ಲಿ ದನದ ಹಟ್ಟಿಗೆ ಹಂಚು ಹಾಕುವುದೆಂದರೆ ಆಗ ಸಣ್ಣ ಮಾತಲ್ಲ. ಮೊದಲು ಮನೆಗೆ, ಆಮೇಲೆ ಹಟ್ಟಿಗೆ.

ಮುಳ್ಳೇರಿಯ ಮೇಸ್ತ್ರಿ

ಓರೆ ಗೆರೆಯ ಫೋಟೋ ಕಂಡೆ. ಹಳೇಕಾಗದ ಹೇಳಿದ ಹುಲ್ಲಿನ ಮಾಡಿಗೆ ಸಾಕ್ಷಿ ಅಲ್ಲೇ ಉಂಟು.

ಮುಳಿಹುಲ್ಲಿನ ಮಾಡು ಕಡಿದಾಗಿರಬೇಕು. ಇಲ್ಲದಿದ್ದರೆ ನೀರು ಹರಿದು ಹೋಗದೆ ಹುಲ್ಲಿನೊಳಗೇ ಇಳಿಯುತ್ತದೆ. ಮಂಗಳೂರು ಹಂಚಿಗೆ ಅಷ್ಟು ಇಳಿಜಾರು ಬೇಡ. ತೀರಾ ಕಡಿದಾದರೆ ಹಂಚು ಜಾರುತ್ತದೆ. ಹಾಗಾಗಿ ಹಂಚು ಹಾಕುವಾಗ ಪಕ್ಕದ ಗೋಡೆಗಳನ್ನು ಎತ್ತರಿಸಿ ಇಳಿಜಾರು ತಗ್ಗಿಸುತ್ತಿದ್ದರು. ನಿಮ್ಮ ತ್ರಿಕೋನ ಗೋಡೆಯಲ್ಲಿ ಕಾಣುವ ಗೆರೆ ಹಳೇ ಮಾಡಿನ ಅಂಚು. ಅದರ ಹೊರಗಿನದ್ದು ಆಮೇಲೆ ತುಂಬಿಸಿದ ಕಲ್ಲು. ಉದ್ದದ ಗೋಡೆಗಳಲ್ಲೂ ಮೇಲಿನ ಎರಡೋ ಮೂರೋ ವರಿಯ (ಕಲ್ಲಿನ ಸಾಲಿನ) ಬಣ್ಣ ಬೇರೆ ಇರಬೇಕು. ಇದೆಯಾ?

ಇನ್ನೊಂದು ನೋಡಿ. ಕಲ್ಲಿನ ಮೈಯಲ್ಲಿ ಓರೆ ಓರೆಯಾಗಿ ಕೊಡಲಿಯ ಏಟಿನ ಗುರುತು ಇದ್ದರೆ ಕೈಯಲ್ಲಿ ಕಡಿದು ಕೆತ್ತಿದ್ದು. ಈಗ ಪಣೆಯಲ್ಲಿ (ಕಲ್ಲು ತೆಗೆಯುವ ಗುಂಡಿಯಲ್ಲಿ) ಯಂತ್ರದ ಚಕ್ರ ಕುಯ್ಯುತ್ತದೆ, ಕಲ್ಲಿನ ಮೇಲೆ ಬಿಲ್ಲಿನಂತೆ ಬಾಗಿದ ಗೆರೆ ಬೀಳುತ್ತದೆ. ಗಾರೆ ಹಿಡಿಯಲು ಕೊಡಲಿ ಏಟಿನ ಕಲ್ಲೇ ಒಳ್ಳೆಯದು.

ತೋಟದಮೂಲೆ

ಮೇಸ್ತ್ರಿಗಳೇ, ಹೌದು. ಮೇಲಿನ ಎರಡು ವರಿ ಬೇರೆ ಬಣ್ಣ, ಸ್ವಲ್ಪ ಹಳದಿ ಮಿಶ್ರಿತ. ಕೆಳಗಿನದ್ದರಲ್ಲಿ ಕೊಡಲಿ ಗುರುತು ಸ್ಪಷ್ಟವಾಗಿದೆ. ಹಂಚಿನಲ್ಲಿ ಎರಡು ಮೂರು ಬಗೆಯ ಹೆಸರು ಕಲಸಿದೆ, ಕಾಮನ್‌ವೆಲ್ತ್ ಜಾಸ್ತಿ. ಹಲಗೆಗಳೂ ಸಿಕ್ಕಿದವು, ಅಟ್ಟದ ಮೂಲೆಯಲ್ಲಿ. ಗೀಟು ಉಂಟು! ಏಳನೆಯದು ಮಾತ್ರ ಇಲ್ಲ.

ಪದವಿನವಳು

ಕಲ್ಲಿನ ಬಣ್ಣದ ಬಗ್ಗೆ ನಾನು ಸ್ವಲ್ಪ ಹೇಳುತ್ತೇನೆ. ಭೂಗೋಳ ಪಾಠ ಮಾಡುವವಳು, ಹಾಗಾಗಿ ಉದ್ದವಾದರೆ ಕ್ಷಮಿಸಿ.

ಮುರಕಲ್ಲು ಬೆಂಕಿಯಿಂದಲೂ ಆದದ್ದಲ್ಲ, ಸಮುದ್ರದ ತಳದಲ್ಲೂ ಆದದ್ದಲ್ಲ. ನಮ್ಮ ಮಳೆಯೇ ಅದನ್ನು ಮಾಡಿದ್ದು. ಕಾಸರಗೋಡಿಗೆ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಆಮೇಲೆ ಒಣ ಬೇಸಗೆ. ಲಕ್ಷಾಂತರ ವರ್ಷ ಹೀಗೆ ನೆನೆದು ಒಣಗಿ ಅಡಿಯ ಬಂಡೆಯಿಂದ ಸಿಲಿಕಾ ತೊಳೆದು ಹೋಗುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂನ ಆಕ್ಸೈಡು ಉಳಿಯುತ್ತದೆ. ಕೆಂಪು ಬಣ್ಣ ಕಬ್ಬಿಣದ್ದು. ಪದವಿನ, ಅಂದರೆ ಮುರಕಲ್ಲಿನ ಬಯಲುಗುಡ್ಡದ, ಮೇಲ್ಪದರ ಗಟ್ಟಿ, ಕಪ್ಪು ಕೆಂಪು. ಕೆಳಗೆ ಹೋದ ಹಾಗೆ ಮೆತ್ತಗೆ, ಹಳದಿ, ಜೇಡಿ ಜಾಸ್ತಿ. ಇನ್ನೂ ಕೆಳಗೆ ಬಿಳಿ ಗುಲಾಬಿ ಶೇಡಿ ಮಣ್ಣು. ಮೇಲಿನ ಎರಡು ವರಿ ಹಳದಿ ಎಂದರೆ ಆ ಕಲ್ಲು ಪಣೆಯ ಕೆಳಪದರದ್ದಿರಬೇಕು, ಅಥವಾ ಬೇರೆ ಪಣೆಯದ್ದು.

ಇದರ ದೊಡ್ಡ ಗುಣ ಏನೆಂದರೆ ನೆಲದಲ್ಲಿ ಒದ್ದೆಯಾಗಿರುವಾಗ ಕೊಡಲಿಗೆ ಬಗ್ಗುತ್ತದೆ, ಹೊರಗೆ ಗಾಳಿಗೆ ಒಣಗಿದ ಮೇಲೆ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಡಿಪುರದಲ್ಲಿ ಇದನ್ನೇ ನೋಡಿ ಬೆರಗಾಗಿ ಬರೆದ. ಅವನ ಪುಸ್ತಕ ಅಚ್ಚಾದದ್ದು 1807ರಲ್ಲಿ. ಲ್ಯಾಟರೈಟ್ ಎಂಬ ಹೆಸರು ಲೋಕಕ್ಕೆ ಹೋದದ್ದು ಅಲ್ಲಿಂದ. ಅಂಗಡಿಪುರದ ಆ ಜಾಗ ಈಗ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನಮ್ಮ ಬೇಕಲ ಕೋಟೆಯೂ ಇದೇ ಕಲ್ಲು.

ಶೀಟುಮಾಡು

ಬೇಕಲ ಕೋಟೆ ಶಿವಪ್ಪ ನಾಯಕನ ಕಾಲದ್ದು, ಸಮುದ್ರದ ಗಾಳಿಗೆ ಮುನ್ನೂರೈವತ್ತು ವರ್ಷ ನಿಂತಿದೆ. ಹಾಗಾದರೆ ಇವರ ಹಟ್ಟಿ ಯಾಕೆ ಉದುರುತ್ತಿದೆ? ಕಲ್ಲೇ ಕಳಪೆ ಅಲ್ವಾ?

ಮುಳ್ಳೇರಿಯ ಮೇಸ್ತ್ರಿ

ಕೋಟೆಯಲ್ಲಿ ದನ ಕಟ್ಟಿರಲಿಲ್ಲ.

ತಮಾಷೆ ಅಲ್ಲ, ಕಾರಣ ಅದೇ. ಸೊಪ್ಪಿನ ಹಟ್ಟಿ ಇದು. ನೆಲ ತಗ್ಗಾಗಿ ಇಟ್ಟದ್ದು ಅದಕ್ಕೇ. ದಿನಾ ಸೊಪ್ಪು ಹಾಕುವುದು, ದನ ತುಳಿಯುವುದು, ಸೆಗಣಿ ಮೂತ್ರ ಸೇರಿ ಗೊಬ್ಬರ ಏರುವುದು. ಅಂಗಳದ ಮಟ್ಟಕ್ಕೆ ಏರಿದಾಗ ಅಗೆದು ತೋಟಕ್ಕೆ. ಅಂದರೆ ಗೋಡೆಯ ಕೆಳಗಿನ ಎರಡು ಅಡಿ ವರ್ಷವಿಡೀ ಗೊಬ್ಬರಕ್ಕೆ ತಾಗಿಕೊಂಡೇ ಇತ್ತು. ಮುರಕಲ್ಲಿನಲ್ಲಿ ಸಾವಿರ ತೂತು, ಎಲ್ಲವನ್ನೂ ಕುಡಿಯುತ್ತದೆ.

ಕೆಲವು ಹಟ್ಟಿಯಲ್ಲಿ ಈ ಭಾಗಕ್ಕೆ ಕರಿಕಲ್ಲಿನ ಚಪ್ಪಡಿ ನಿಲ್ಲಿಸಿರುತ್ತಾರೆ. ಚಪ್ಪಡಿ ಎತ್ತಿ ತರಲು ಆಗದವರು ಬಿಟ್ಟಿದ್ದಾರೆ.

ಪದವಿನವಳು

ಮೇಸ್ತ್ರಿಗಳು ಹೇಳಿದ್ದು ಸರಿ. ಬಿಳಿ ಹುಡಿ ಸುಣ್ಣ ಅಲ್ಲ, ಉಪ್ಪು. ಮೂತ್ರದಲ್ಲಿರುವ ಯೂರಿಯಾ ಕೊಳೆತು ಕೊನೆಗೆ ನೈಟ್ರೇಟ್ ಆಗುತ್ತದೆ. ನೀರಿನ ಜೊತೆ ಕಲ್ಲಿನ ಒಳಗೆ ಹೋಗುತ್ತದೆ. ಬೇಸಗೆಯಲ್ಲಿ ನೀರು ಆರಿದಾಗ ತೂತಿನೊಳಗೇ ಹರಳುಗಟ್ಟಿ ಉಬ್ಬುತ್ತದೆ, ಕಲ್ಲಿನ ಮೈ ಒಡೆಯುತ್ತದೆ. ಮಳೆಗಾಲದಲ್ಲಿ ಕರಗಿ, ಬೇಸಗೆಯಲ್ಲಿ ಮತ್ತೆ ಹರಳು. ಹಳೇ ಕಾಲದಲ್ಲಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ದನ ಕಟ್ಟಿದ ಜಾಗದ ಮಣ್ಣಿನಿಂದಲೇ ತೆಗೆಯುತ್ತಿದ್ದರು.

ಮುಖ್ಯ ಮಾತು: ದಯವಿಟ್ಟು ಅದರ ಮೇಲೆ ಸಿಮೆಂಟು ಗಾರೆ ಮಾಡಬೇಡಿ.

ಬಾಯಾರು ಹುಡುಗ

ಯಾಕೆ? ಉದುರುವುದು ನಿಲ್ಲುತ್ತದಲ್ಲ?

ಕುಂಬಳೆ ಸಿವಿಲ್

ಕಣ್ಣಿಗೆ ಕಾಣುವುದು ನಿಲ್ಲುತ್ತದೆ. ಸಿಮೆಂಟು ಮುರಕಲ್ಲಿಗಿಂತ ಗಟ್ಟಿ, ನೀರು ಬಿಡುವುದು ಕಡಿಮೆ. ಕೆಳಗೆ ಎರಡು ಅಡಿ ಮುಚ್ಚಿದರೆ ಒಳಗಿನ ಪಸೆ ಹೊರಗೆ ಬರಲು ದಾರಿ ಹುಡುಕುತ್ತಾ ಮೂರನೇ ಅಡಿಗೆ ಏರುತ್ತದೆ, ಉಪ್ಪನ್ನೂ ಹೊತ್ತುಕೊಂಡು. ಕೆಲವು ವರ್ಷದಲ್ಲಿ ಗಾರೆ ತಟ್ಟಿದರೆ ಟೊಳ್ಳು ಸದ್ದು. ಕಿತ್ತು ನೋಡಿದರೆ ಹಿಂದೆ ಕಲ್ಲೇ ಇರುವುದಿಲ್ಲ, ಕೆಂಪು ಹುಡಿ.

ಅಂಕಿ ಬೇಕಾದವರಿಗೆ: ಮುರಕಲ್ಲಿನ ಭಾರತೀಯ ಮಾನಕ ಐಎಸ್ 3620. ಕಲ್ಲು ತಾಳಬೇಕಾದ ಕನಿಷ್ಠ ಒತ್ತಡ ಚದರ ಮಿಲಿಮೀಟರಿಗೆ 3.5 ನ್ಯೂಟನ್. ನೀರು ಕುಡಿಯುವುದು ತೂಕದ ಶೇಕಡಾ 12 ದಾಟಬಾರದು. 3.5 ಕಡಿಮೆ ಅನ್ನಿಸಬಹುದು. ಎರಡು ಅಡಿ ದಪ್ಪದ ಒಂದಂತಸ್ತಿನ ಗೋಡೆಗೆ ಅದು ಧಾರಾಳ. ಕಲ್ಲಿನ ತಾಕತ್ತಿನ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಎರಡು. ಒದ್ದೆ ಕಲ್ಲು ಒಣ ಕಲ್ಲಿನಷ್ಟು ತಾಳುವುದಿಲ್ಲ. ಎರಡನೆಯದು ಮಾಡು. ಮಾಡಿನ ಪಕ್ಕಾಸುಗಳು (ಇಳಿಜಾರಿನ ಮರಗಳು) ಗೋಡೆಯನ್ನು ಹೊರಕ್ಕೆ ತಳ್ಳುತ್ತವೆ. ಅದನ್ನು ಹಿಡಿದಿಡುವುದು ಅಡ್ಡಕ್ಕೆ ಹಾಕಿದ ತೊಲೆಗಳು. ಅವುಗಳ ತುದಿ ಗೋಡೆಯೊಳಗೆ ಕೂತ ಜಾಗದಲ್ಲಿ ಒರಳೆ (ಗೆದ್ದಲು) ತಿಂದಿದೆಯಾ ನೋಡಿ. ಮೊಳೆ ಚುಚ್ಚಿ ನೋಡಿದರೆ ಗೊತ್ತಾಗುತ್ತದೆ.

ಗೋಡೆಗೆ ತೂಕದ ದಾರ ಇಳಿಬಿಡಿ. ಬಿರುಕು ಇದ್ದರೆ ಅದರ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಒಂದು ಮಳೆಗಾಲ ಬಿಡಿ. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ ಎಂದರ್ಥ. ಒಡೆಯದಿದ್ದರೆ ಅದು ಹಳೇ ಬಿರುಕು, ಸುಮ್ನೆ ಹೆದರಬೇಡಿ.

ತೋಟದಮೂಲೆ

ತೊಲೆಗಳು ಚೆನ್ನಾಗಿವೆ. ಮೊಳೆ ಬಗ್ಗಿತು, ಮರಕ್ಕೆ ಇಳಿಯಲಿಲ್ಲ. ಕಿರಾಲುಬೋಗಿ ಮರ ಎಂದು ಅಪ್ಪ ಹೇಳುತ್ತಿದ್ದರು. ಪಕ್ಕಾಸು ಕೆಲವು ತಾಳೆಮರದ್ದು, ಅದರಲ್ಲಿ ನಾಲ್ಕೈದು ಹೋಗಿವೆ. ದಕ್ಷಿಣದ ಗೋಡೆಯಲ್ಲಿ ಒಂದು ಬಿರುಕು ಇದೆ, ಗಾಜು ಅಂಟಿಸುತ್ತೇನೆ. ತೂತುಗಳ ಬಗ್ಗೆ ಯಾರೂ ಹೇಳಲಿಲ್ಲ.

ಮುಳ್ಳೇರಿಯ ಮೇಸ್ತ್ರಿ

ನೆಲದ ಮಟ್ಟದ್ದು ಮೂತ್ರ ಹೊರಗೆ ಹೋಗಲು. ಆಚೆ ಬದಿ ಗೊಬ್ಬರಗುಂಡಿಯ ಕುರುಹು ಇರಬಹುದು. ಎದೆಯೆತ್ತರದ್ದು ನೋಡದೆ ಹೇಳಲಿಕ್ಕೆ ಕಷ್ಟ. ಹಿಂದೆ ಗುಡ್ಡ ಇದೆಯಾ? ಅದರಲ್ಲಿ ನೀರಿಗೆಂದು ಅಡ್ಡಕ್ಕೆ ಕೊರೆದ ಸುರಂಗ ಇದೆಯಾ?

ತೋಟದಮೂಲೆ

ಇದೆ! ಉತ್ತರಕ್ಕೆ ಗುಡ್ಡ, ಅದರಲ್ಲಿ ಸುರಂಗ. ಈಗಲೂ ಏಪ್ರಿಲ್‌ವರೆಗೆ ನೀರು ಬರುತ್ತದೆ.

ಮುಳ್ಳೇರಿಯ ಮೇಸ್ತ್ರಿ

ಹಾಗಾದರೆ ಮುಗಿಯಿತು. ಸುರಂಗದ ನೀರು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬಂದು ಆ ತೂತಿನಿಂದ ಒಳಗೆ. ಕೆಳಗೆ ಕಲ್ಲಿನ ಮರಿಗೆ (ನೀರಿನ ತೊಟ್ಟಿ) ಇತ್ತಾ ನೋಡಿ. ದನಕ್ಕೆ ನೀರು ಹೊರುವ ಕೆಲಸವೇ ಇಲ್ಲ. ಪಂಪೂ ಬೇಡ, ಕರೆಂಟೂ ಬೇಡ. ಅದಕ್ಕೇ ಹಟ್ಟಿಯನ್ನು ಸುರಂಗದ ಬಾಯಿಗಿಂತ ತಗ್ಗಿನಲ್ಲಿ, ತೋಟಕ್ಕಿಂತ ಎತ್ತರದಲ್ಲಿ ಕಟ್ಟಿದ್ದು. ನೀರು ಮೇಲಿಂದ ಇಳಿಯುತ್ತದೆ, ಗೊಬ್ಬರ ಕೆಳಗೆ ಇಳಿಯುತ್ತದೆ. ಜಾಗ ಆರಿಸಿದವರು ಬುದ್ಧಿವಂತರು.

ಪದವಿನವಳು

ವಾಹ್. ಗೋಡೆಯ ಕಲ್ಲು, ಸುರಂಗ ಕೊರೆದ ಗುಡ್ಡ, ಹಳೇ ಮಾಡಿನ ಮುಳಿಹುಲ್ಲು ಬೆಳೆದ ಪದವು, ಎಲ್ಲ ಒಂದೇ ಮುರಕಲ್ಲಿನ ಮೇಲೆ. ಈಗ ಮುಳಿಹುಲ್ಲು ಬೇಕೆಂದರೂ ಸಿಗುವುದು ಕಷ್ಟ. ನಮ್ಮ ಸುತ್ತಮುತ್ತಲಿನ ಪದವುಗಳಲ್ಲಿ ಗೇರು, ರಬ್ಬರು, ಕಲ್ಲಿನ ಪಣೆ.

ಅಕ್ಕಲಕೋಟೆ ಹೊಲ

ಸೋಲಾಪುರ ಜಿಲ್ಲೆಯಿಂದ ಓದುತ್ತಿದ್ದೇನೆ. ನಮ್ಮ ಕಡೆ ಪೂರಾ ಉಲ್ಟಾ. ಕಲ್ಲು ಕರಿ ಬಸಾಲ್ಟು, ಕೊಡಲಿ ಹಾಕಿದರೆ ಕೊಡಲಿಯೇ ಹೋಗುತ್ತದೆ. ಮಳೆ ನಿಮ್ಮದರ ಹೆಚ್ಚು ಕಡಿಮೆ ಐದನೇ ಒಂದು ಪಾಲು. ಹಾಗಾಗಿ ಇಳಿಜಾರು ಮಾಡು ಬೇಕೇ ಇಲ್ಲ. ಮಣ್ಣಿನ ಮಾಳಿಗೆ, ಸಪಾಟು. ಅದರ ಮೇಲೆಯೇ ಕಾಳು ಒಣಗಿಸುತ್ತೇವೆ, ಬೇಸಗೆಯಲ್ಲಿ ಮಲಗುತ್ತೇವೆ.

ನಿಮ್ಮ ಕಣಜ ನೆಲದಿಂದ ಮೇಲೆ, ನಮ್ಮದು ನೆಲದೊಳಗೆ. ಹಗೇವು ಎನ್ನುತ್ತೇವೆ. ಬಾಯಿ ಸಣ್ಣದು, ಒಳಗೆ ಹೊಟ್ಟೆ ದೊಡ್ಡದು. ಕೆಳಗೆ, ಸುತ್ತ ಹುಲ್ಲು ಕೊಟ್ಟು ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ಒಳಗಿನ ಗಾಳಿಯಲ್ಲಿ ಆಮ್ಲಜನಕ ಮುಗಿದು ಇಂಗಾಲದ ಅನಿಲ ತುಂಬಿದಾಗ ಹುಳ ತಾನೇ ಸಾಯುತ್ತದೆ. ಮನುಷ್ಯನೂ ಸಾಯುತ್ತಾನೆ. ತೆಗೆದ ಕೂಡಲೇ ಇಳಿದು ಸತ್ತವರ ಸುದ್ದಿ ನಮ್ಮ ಕಡೆ ಹೊಸದಲ್ಲ. ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ದೀಪ ಉರಿದರೆ ಮಾತ್ರ ಇಳಿಯುತ್ತಿದ್ದರು.

ಶೀಟುಮಾಡು

ನಮ್ಮಲ್ಲಿ ಹಗೇವು ತೋಡಿದರೆ ಜೂನಿನಲ್ಲಿ ಬಾವಿ ಆಗುತ್ತದೆ. 😀

ತಾಳವಾಡಿ ಕಡೆಯವ

ನಮ್ಮ ಕಡೆ ದನದ ಕೊಟ್ಟಿಗೆಗೆ ಕಲ್ಲು ಚಪ್ಪಡಿ ನೆಟ್ಟು ಮುಗಿಸುತ್ತಾರೆ. ಗಾರೆಯೂ ಇಲ್ಲ, ಮಣ್ಣೂ ಇಲ್ಲ. ನಿಮ್ಮಷ್ಟು ಕಥೆ ಇಲ್ಲ ಸಾರ್.

ಗೇಣಿಮಗ

ಎಲ್ಲ ಓದಿದೆ. ಚೆನ್ನಾಗಿದೆ. ಒಂದು ಮಾತು ಯಾರೂ ಹೇಳದೇ ಹೋದದ್ದರಿಂದ ಹೇಳುತ್ತೇನೆ. ಆ ಕತ್ತಲೆ ಕೋಣೆ ಅಷ್ಟು ದೊಡ್ಡದು ಯಾಕೆ? ಒಂದು ಮನೆಯವರ ಊಟಕ್ಕೆ ಅಷ್ಟು ಭತ್ತ ಬೇಡ. ಅದು ಗೇಣಿ ಭತ್ತದ ಕೋಣೆ. ನಮ್ಮ ಅಜ್ಜ ಅಂಥದ್ದೇ ಒಂದು ಕೋಣೆಗೆ ಗೇಣಿ ಹೊತ್ತು ಹಾಕಿದವರು. ಬೆಳೆ ಬರಲಿ ಬಿಡಲಿ, ಗೇಣಿ ಅಷ್ಟೇ. ಚಾಲಗೇಣಿಯವರನ್ನು ಯಾವಾಗ ಬೇಕಾದರೂ ಬಿಡಿಸಬಹುದಿತ್ತು. ಕಲ್ಲು ಕಡಿದವರು, ಹೊತ್ತವರು, ಸೊಪ್ಪು ತಂದವರು, ಗೊಬ್ಬರ ಅಗೆದವರು, ಅವರಲ್ಲಿ ಹೆಚ್ಚಿನವರು ಆ ಮನೆಯ ಜಗಲಿ ಹತ್ತಲಿಲ್ಲ. ಬುದ್ಧಿವಂತರು ಜಾಗ ಆರಿಸಿದರು ಎಂದಿರಿ. ಸರಿ. ಕೈ ಯಾರದ್ದು?

ಹಳೇಕಾಗದ

ನೀವು ಹೇಳಿದ್ದರಲ್ಲಿ ತೆಗೆದುಹಾಕುವಂಥದ್ದು ಏನೂ ಇಲ್ಲ. ಕಾಗದದಲ್ಲಿ ನೋಡಿದರೂ ಅದೇ. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡದಲ್ಲಿತ್ತು. ಹಾಗಾಗಿ ಹಳೇ ಪತ್ರಗಳು ಕನ್ನಡದಲ್ಲೇ ಇವೆ. ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ, ಇಷ್ಟು ಮುಡಿ ಅಕ್ಕಿ ಎಂದು ಬರೆದಿರುತ್ತದೆ. ಮುಡಿ ಎಂದರೆ ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಅಕ್ಕಿ, 42 ಸೇರು. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಗೆ ಬಂತು, ಗೇಣಿ ಪದ್ಧತಿಯೇ ಹೋಯಿತು, ಉಳುವವರಿಗೆ ಭೂಮಿ ಬಂತು. ಅಲ್ಲಿಗೆ ಇಂಥ ಕೋಣೆಗಳು ಖಾಲಿ. ಆಮೇಲೆ ಗದ್ದೆಗಳೇ ಅಡಿಕೆ ತೋಟವಾದವು, ಕಣಜದಲ್ಲಿ ಅಡಿಕೆ ಬಂದು ಕೂತಿತು. ಹಟ್ಟಿ ಖಾಲಿಯಾದದ್ದು ಅದಕ್ಕೂ ಎಷ್ಟೋ ವರ್ಷದ ನಂತರ.

ತೋಟದಮೂಲೆಯವರೇ, ಮನೆಯಲ್ಲಿ ವಿಭಾಗ ಪತ್ರ ಇದ್ದರೆ ಓದಿ. ಮುಳಿಹುಲ್ಲಿನ ಹಟ್ಟಿಯೋ ಹಂಚಿನ ಹಟ್ಟಿಯೋ ಎಂದು ಬರೆಯುವ ರೂಢಿ ನಾನು ನೋಡಿದ ಪತ್ರಗಳಲ್ಲಿ ಇದೆ. ಕಾಲ ಹಿಡಿಯಲು ಹಂಚಿಗಿಂತ ಅದು ವಾಸಿ.

ತೋಟದಮೂಲೆ

ಗೇಣಿಮಗ ಅವರಿಗೆ: ನಮ್ಮ ಮನೆಗೆ ಗೇಣಿ ಬರುತ್ತಿದ್ದದ್ದು ನಿಜ. ಅಪ್ಪ ಆ ಬಗ್ಗೆ ಮಾತಾಡುತ್ತಿರಲಿಲ್ಲ. ಅಳತೆಯ ಕಳಸೆ ಆ ಕೋಣೆಯಲ್ಲೇ ಇದೆ, ಅದನ್ನು ಗುಜರಿಗೆ ಹಾಕುವುದಿಲ್ಲ.

ಪತ್ರ ಸಿಕ್ಕಿತು. 1931ರದ್ದು. ‘ಹಂಚಿನ ಮಾಡಿನ ಹಟ್ಟಿ ಮತ್ತು ಕಣಜ’ ಎಂದಿದೆ. ಅಂದರೆ ಆಗಲೇ ಹಂಚು ಬಂದಿತ್ತು, ಗೋಡೆಯ ಕೆಳಭಾಗ ಅದಕ್ಕೂ ಹಳೇದು.

ಈಗ ಕೆಲಸದ ಮಾತು. ಕಟ್ಟಡ ಉಳಿಸಿದರೆ ಅಡಿಕೆ ಎಲ್ಲಿಡಲಿ? ಅಟ್ಟದಲ್ಲಿ ಇಡಬಹುದಾ?

ಕುಂಬಳೆ ಸಿವಿಲ್

ಅಟ್ಟದಲ್ಲಿ ಬೇಡ. ಅದು ಹುಲ್ಲಿಗೆ ಕಟ್ಟಿದ್ದು, ಹುಲ್ಲು ಹಗುರ. ಅಡಿಕೆ ಚೀಲ ಒಂದೊಂದು ಅರವತ್ತು ಎಪ್ಪತ್ತು ಕಿಲೋ. ಸಾಲಾಗಿ ಪೇರಿಸಿದರೆ ಅಟ್ಟ ಕೆಳಗೆ ಬರುತ್ತದೆ. ಖಾಲಿ ಗೋಣಿ, ಬುಟ್ಟಿ, ಏಣಿ ಇಡಿ.

ಕಣಜದ ಕೋಣೆ ಅಡಿಕೆಗೆ ಹೇಳಿ ಮಾಡಿಸಿದ್ದು. ಎತ್ತರದ ಹಲಗೆ ನೆಲ, ಅಡಿಯಲ್ಲಿ ಗಾಳಿ ಆಡುತ್ತದೆ. ಶೀಟಿನ ಅಡಿಯ ಸೆಕೆ ಇಲ್ಲ. ದನದ ಭಾಗದಲ್ಲಿ ಮಾತ್ರ ಗೋಡೆಗೆ ತಾಗಿಸಿ ಏನೂ ಇಡಬೇಡಿ. ಆ ಉಪ್ಪು ಮಳೆಗಾಲದ ಗಾಳಿಯಿಂದಲೇ ನೀರು ಎಳೆಯುತ್ತದೆ, ಅಡಿಕೆಗೆ ಬೂಷ್ಟು ಬರುತ್ತದೆ.

ಶೀಟುಮಾಡು

ದಾಸ್ತಾನು ಆಯಿತು. ಒಣಗಿಸುವುದು? ಚಾಲಿ (ಒಣಗಿಸಿದ ಅಡಿಕೆ) ಆಗಲು ನಲವತ್ತು ದಿನದ ಮೇಲೆ ಬಿಸಿಲು ಬೇಕು. ಈಗ ನವೆಂಬರಿನಲ್ಲೂ ಮಳೆ. ಪಾರದರ್ಶಕ ಶೀಟಿನ ಮನೆ ಇಲ್ಲದೆ ಆಗುವುದಿಲ್ಲ. ಅದನ್ನು ಬೇಕಾದರೆ ಅಂಗಳದಲ್ಲೇ ಕಟ್ಟಿಕೊಳ್ಳಿ, ಹಟ್ಟಿಗೆ ಕೈ ಹಾಕಬೇಡಿ. ನಾನು ಹೇಳುತ್ತಿದ್ದೇನೆ ಎಂದು ನಗಬೇಡಿ. ನಮ್ಮ ಶೀಟಿನ ಅಡಿ ಮಾರ್ಚಿನಲ್ಲಿ ಹತ್ತು ನಿಮಿಷ ನಿಲ್ಲಲು ಆಗುವುದಿಲ್ಲ, ಅದೂ ಸತ್ಯ. ಮಂಗನಿಗೆ ಮಾತ್ರ ಯಾರ ಹತ್ತಿರವೂ ಔಷಧ ಇಲ್ಲ.

ನಿರ್ವಾಹಕ

ಮಂಗಗಳ ಬಗ್ಗೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಅದು ಈಗಾಗಲೇ ಇದಕ್ಕಿಂತ ಉದ್ದ ಇದೆ.

ತೋಟದಮೂಲೆ

ಅಂಗಳದಲ್ಲಿ ಜಾಗ ಇದೆ, ಅಣ್ಣನೂ ಒಪ್ಪಿದ. ಹಾಗಾದರೆ ಈ ವರ್ಷ ಒಣಗಿಸುವ ಮನೆ ಬೇರೆ, ಹಟ್ಟಿಯ ಮಾಡು ರಿಪೇರಿ. ಗೋಡೆಯ ಕೆಳಭಾಗಕ್ಕೆ ಏನು ಮಾಡಲಿ, ಮೇಸ್ತ್ರಿಗಳೇ?

ಮುಳ್ಳೇರಿಯ ಮೇಸ್ತ್ರಿ

ಮೊದಲು ಒಳಗಿನ ಹಳೇ ಗೊಬ್ಬರದ ಮಣ್ಣನ್ನು ಗಟ್ಟಿ ನೆಲ ಸಿಗುವ ತನಕ ತೆಗೆಯಿರಿ. ಅದು ಇರುವ ತನಕ ಏನು ಮಾಡಿದರೂ ದಂಡ. ತೋಟಕ್ಕೆ ಹಾಕಿ, ಒಳ್ಳೆಯ ಮಣ್ಣು. ಹೊರಗೆ ಉತ್ತರದ ಬದಿ ಗುಡ್ಡದ ನೀರು ಗೋಡೆಗೆ ಬರದಂತೆ ಕಣಿ (ಚರಂಡಿ) ಮಾಡಿ. ಮಾಡಿನ ನೀರು ಗೋಡೆಯಿಂದ ಮೂರು ಅಡಿ ದೂರ ಬೀಳಬೇಕು. ತುದಿಯ ಪಕ್ಕಾಸು ಕುಂಬಾಗಿದ್ದರೆ (ಕೊಳೆತಿದ್ದರೆ) ಮೊದಲು ಅದನ್ನು ಬದಲಾಯಿಸಿ.

ಆಮೇಲೆ ಒಂದು ಬೇಸಗೆ ಗೋಡೆಯನ್ನು ಒಣಗಲು ಬಿಡಿ. ಬಿಳಿ ಎದ್ದದ್ದನ್ನು ಒಣ ಬ್ರಶ್ಶಿನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆಯಬೇಡಿ, ತೊಳೆದರೆ ಒಳಗೆ ಹೋಗುತ್ತದೆ. ತೀರಾ ಹೋದ ಕಲ್ಲುಗಳನ್ನು ಒಂದು ಬಿಟ್ಟು ಒಂದರಂತೆ ತೆಗೆದು ಬೇರೆ ಕಲ್ಲು ಕೂರಿಸಬೇಕು. ಒಟ್ಟಿಗೆ ಸಾಲಾಗಿ ತೆಗೆದರೆ ಮೇಲಿನದ್ದು ಕೂತುಬಿಡುತ್ತದೆ. ಪಣೆಯಿಂದ ಬಂದ ಹಸಿ ಕಲ್ಲನ್ನು ನೇರ ಕಟ್ಟಬೇಡಿ, ಬಿಸಿಲು ಗಾಳಿ ತಿನ್ನಲಿ. ಎಲ್ಲಾದರೂ ಹಳೇ ಮನೆ ಕೆಡವಿದ ಕಲ್ಲು ಸಿಕ್ಕಿದರೆ ಅದೇ ಉತ್ತಮ, ಹಟ್ಟಿಯ ಕಲ್ಲು ಮಾತ್ರ ತರಬೇಡಿ.

ಗಾರೆ ಸುಣ್ಣದ್ದು. ಚಿಪ್ಪುಸುಣ್ಣ ಈಗಲೂ ಹೊಳೆಬದಿಯಲ್ಲಿ ವಿಚಾರಿಸಿದರೆ ಸಿಗುತ್ತದೆ. ಅರಳಿಸಿ ನೀರಿನ ಅಡಿಯಲ್ಲಿ ಮುಚ್ಚಿಡಿ, ಹಳತಾದಷ್ಟೂ ಬೆಣ್ಣೆಯ ಹಾಗೆ ಬರುತ್ತದೆ. ಒಂದು ಪಾಲು ಸುಣ್ಣ, ಮೂರು ಪಾಲು ಹೊಯಿಗೆ (ಮರಳು). ಆ ಹೊಯಿಗೆಯಲ್ಲಿ ಸ್ವಲ್ಪ ಕಡಿಮೆ ಮಾಡಿ ಒಡೆದ ಹಂಚಿನ ಹುಡಿ ಸೇರಿಸಿ. ಮಂಗ ಒಡೆದ ಹಂಚು ಇದ್ದೇ ಇರುತ್ತದಲ್ಲ. ಹುಡಿ ಸೇರಿದರೆ ಪಸೆ ಇರುವ ಜಾಗದಲ್ಲೂ ಗಾರೆ ಗಟ್ಟಿಯಾಗುತ್ತದೆ. ಇದೂ ಕೆಲವು ವರ್ಷಕ್ಕೆ ಉಪ್ಪು ಎಳೆದು ಉದುರುತ್ತದೆ. ಉದುರಲಿ, ಮತ್ತೆ ಹಚ್ಚಿದರಾಯಿತು. ಕಲ್ಲು ಹೋಗುವ ಬದಲು ಗಾರೆ ಹೋಗುತ್ತದೆ.

ಮಳೆಗಾಲದಲ್ಲಿ ಈ ಕೆಲಸ ಬೇಡ, ಏಪ್ರಿಲಿನ ಉರಿಬಿಸಿಲಿನಲ್ಲೂ ಬೇಡ. ದೀಪಾವಳಿ ಕಳೆದ ಮೇಲೆ ಒಳ್ಳೆಯದು.

ತೋಟದಮೂಲೆ

ಮೇಲಿನ ಭಾಗಕ್ಕೆ? ಸಂದಿನ ಮಣ್ಣು ಅಲ್ಲಲ್ಲಿ ತೊಳೆದು ಹೋಗಿದೆ.

ಮುಳ್ಳೇರಿಯ ಮೇಸ್ತ್ರಿ

ಸಂದನ್ನು ಒಂದು ಇಂಚು ಕೆರೆದು ಅದೇ ಸುಣ್ಣದ ಗಾರೆ ತುಂಬಿಸಿ. ಇಡೀ ಗೋಡೆಗೆ ಗಾರೆ ಬೇಡ, ಮಾಡು ಸರಿಯಾಗಿ ಚಾಚಿದ್ದರೆ ಮೇಲಿನ ಕಲ್ಲಿಗೆ ಮಳೆಯೇ ತಾಗುವುದಿಲ್ಲ. ಏಳನೇ ಹಲಗೆಗೆ ಹಲಸಿನ ಮರ ಸಾಕು. ಅಳತೆ ಕಳಿಸಿ, ನಮ್ಮ ಆಚಾರಿ ಹತ್ತಿರ ಕೇಳುತ್ತೇನೆ.

ಗೇಣಿಮಗ

ಕೆಲಸಕ್ಕೆ ಜನ ಬೇಕಾದರೆ ಹೇಳಿ. ನಮ್ಮ ಕಡೆ ಸುಣ್ಣದ ಗಾರೆ ಗೊತ್ತಿರುವವರು ಇಬ್ಬರು ಇದ್ದಾರೆ. ಈಗಿನ ಸಂಬಳ, ಗೇಣಿ ಕಾಲದ್ದಲ್ಲ. 🙂

ತೋಟದಮೂಲೆ

ಖಂಡಿತ ಈಗಿನದ್ದೇ. ಇಬ್ಬರನ್ನೂ ಕಳಿಸಿ. ಹಲಗೆಯ ಅಳತೆ ನಾಳೆ ಹಾಕುತ್ತೇನೆ.